ಹಸುಗೂಸುಗಳ ಕೋಣೆಯ ಮೀಸೆ ಮಾಮ

ಮೊದಲ ದಿನ ನಾನು ಮೀಸೆ ಮಾಮನ ಕೈಗೆ ಕೊಟ್ಟದ್ದು ನನ್ನ ಹೆಲ್ಮೆಟ್ಟು. "ಗಾಡಿ ಗೇಟ್ ಹತ್ರ ಇದೆ, ಸ್ವಲ್ಪ ನೋಡ್ಕೊಳ್ಳಿ" ಎಂದೂ ಹೇಳಿದೆ. ಡೇ-ಕೇರಿನ ಹೊಸ್ತಿಲಲ್ಲಿ ದಪ್ಪ ಮೀಸೆಯ, ಐವತ್ತರ ಹತ್ತಿರದ ಗಂಡಸು ನಿಂತಿದ್ದರೆ ಕಾವಲುಗಾರರಲ್ಲದೆ ಇನ್ಯಾರಿದ್ದಾರು? ಅವರು ಹೆಲ್ಮೆಟ್ಟನ್ನು ಮೊಳೆಗೆ ನೇತುಹಾಕಿ ಎರಡೂ ಕೈ ಚಾಚಿದರು.

"ಅದು ಜೋಪಾನ ಆಯ್ತು ತಾಯಿ. ಈಗ ಮಗು ಕೊಡಿ."

ಕೊಡಲಿಲ್ಲ. ಅವರ ಹಿಂದೆ ನಿಂತಿದ್ದ ಆಯಮ್ಮನಿಗೆ ನನ್ನ ಏಳು ತಿಂಗಳ ಮಗಳನ್ನು ಅವರ ಭುಜದ ಪಕ್ಕದಿಂದ ದಾಟಿಸಿದೆ, ಬೇಲಿಯಾಚೆಗೆ ತರಕಾರಿ ಚೀಲ ದಾಟಿಸಿದ ಹಾಗೆ.

ಅವರ ಕಥೆಯನ್ನು ಆಮೇಲೆ ಆಯಮ್ಮನೇ ಹೇಳಿದರು. ಗಾಜಿನ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಲೋಟಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದವರು. ಎರಡನೆಯ ಮಗಳು ಹುಟ್ಟಿದ ತಿಂಗಳೇ ಕಾರ್ಖಾನೆ ಮುಚ್ಚಿತು. ಹೆಂಡತಿ ನರ್ಸು. ರಜೆ ಮುಗಿದು ಆಕೆ ವಾರ್ಡಿಗೆ ಹೋದರು, ಇವರು ತೊಟ್ಟಿಲ ಪಕ್ಕ ಕೂತರು. ಬೇರೆ ಕೆಲಸ ಸಿಗುವವರೆಗೆ ಎಂದು ಶುರುವಾದದ್ದು ಹದಿನೇಳು ವರ್ಷ ನಡೆಯಿತು. ತಲೆ ಬಾಚಿದರು, ಹೇನು ಹೆಕ್ಕಿದರು, ಶಾಲೆಯ ಸಭೆಗಳಲ್ಲಿ ಅಮ್ಮಂದಿರ ಸಾಲಿನಲ್ಲಿ ಕೂತರು. ಬೀದಿಯವರು ಸುಮ್ಮನಿರುತ್ತಾರೆಯೇ? "ಏನ್ರೀ, ಮೀಸೆ ಯಾವಾಗ ಬೋಳಿಸ್ತೀರಿ?" ಎಂದು ಕೆಣಕುತ್ತಿದ್ದರಂತೆ. "ನಮ್ ಮಕ್ಕಳು ಎದ್ದು ನಿಲ್ಲೋಕೆ ಕಲ್ತಿದ್ದೇ ಇದನ್ನ ಹಿಡ್ಕೊಂಡು. ಹೇಗ್ರೀ ಬೋಳಿಸಲಿ?" ಎನ್ನುತ್ತಿದ್ದರಂತೆ ಇವರು.

ಚಿಕ್ಕವಳು ಹಾಸ್ಟೆಲ್ಲಿಗೆ ಹೋದ ಮೇಲೆ ಮನೆ ಬಿಕೋ ಎಂದಿತು. "ಅಪ್ಪಾ, ನಿನಗೆ ಬರೋ ಕೆಲಸಕ್ಕೆ ಸಂಬಳ ಕೊಡೋರೂ ಇದಾರೆ" ಎಂದು ದೊಡ್ಡ ಮಗಳೇ ಇಲ್ಲಿಗೆ ಕರೆತಂದಳು.

ಡೇ-ಕೇರ್ ನಡೆಸುವ ಮೇಡಂ ಒಂದು ತಿಂಗಳು ನೋಡೋಣ ಎಂದರು. ಹಸುಗೂಸುಗಳ ಕೋಣೆಯಲ್ಲಿ ಒಂಬತ್ತು ತೊಟ್ಟಿಲು. ಒಂಬತ್ತೂ ತಾಯಂದಿರು ಒಪ್ಪಿಗೆಯ ಹಾಳೆಗೆ ಸಹಿ ಹಾಕಿದರೆ ಅವರು ಅಲ್ಲೇ ಕಾಯಂ, ಒಬ್ಬರು ಬೇಡವೆಂದರೂ ಗೇಟಿನ ಕಾವಲಿಗೆ. ಇಪ್ಪತ್ತೈದನೆಯ ದಿನಕ್ಕೆ ಎಂಟು ಸಹಿ ಬಿದ್ದಿದ್ದವು. ಬಾಕಿ ಇದ್ದದ್ದು ನನ್ನದೊಂದೇ.

ಇದನ್ನು ಬರೆಯಲು ಸಂಕೋಚವಾಗುತ್ತದೆ. ಮನೆಮನೆಗೆ ಹೋಗಿ ಕೆಟ್ಟ ಕರೆಂಟು ಮೀಟರು ಬದಲಿಸುವುದು ನನ್ನ ಕೆಲಸ. ಬಾಗಿಲು ತೆರೆದವರು ನನ್ನ ಬೆನ್ನ ಹಿಂದೆ ಇಣುಕಿ "ಗಂಡಸರು ಯಾರೂ ಬರ್ಲಿಲ್ವಾ?" ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವಳು ಈ ಹಾಳೆಯನ್ನು ಮಡಚಿ ಮೂರು ವಾರದಿಂದ ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಕೊನೆಗೆ ಮೀಸೆ ಮಾಮನಿಗೇ ಹೇಳಿಬಿಟ್ಟೆ.

"ನಿಮ್ಮ ಮೇಲೆ ಸಿಟ್ಟೇನಿಲ್ಲ. ಭಯ, ಅಷ್ಟೇ."

"ಭಯ ಇರ್ಬೇಕು ತಾಯಿ. ನಾನೂ ಇಬ್ರು ಹೆಣ್ಮಕ್ಕಳನ್ನ ಸಾಕಿದೋನು. ಏನ್ ಮಾಡಿದ್ರೆ ಹೋಗುತ್ತೆ, ಹೇಳಿ."

"ಕೋಣೆ ಬಾಗಿಲು ತೆಗೆದೇ ಇರ್ಬೇಕು. ಯಾವಾಗ್ಲೂ ಇಬ್ಬರಿರ್ಬೇಕು."

"ಬಾಗಿಲು ತೆಗೆದ್ರೆ ಅಂಬೆಗಾಲಿನವರೆಲ್ಲ ರಸ್ತೆಗೆ ಮೆರವಣಿಗೆ ಹೊರಡ್ತಾರೆ. ಬಾಗಿಲಿಗೆ ಗಾಜು ಹಾಕ್ಸೋಣ. ಇಬ್ಬರಿರೋದು ಒಳ್ಳೇದೇ. ಆದ್ರೆ ಆ ನಿಯಮ ನನಗೊಬ್ಬನಿಗೇ ಬೇಡ, ಎಲ್ಲರಿಗೂ ಇರ್ಲಿ. ಹೆಂಗಸು ಅಂದ್ಕೂಡ್ಲೇ ಕಣ್ಮುಚ್ಚಿ ಬಿಟ್ಟು ಹೋಗೋದೂ ಸರಿಯಲ್ಲ." ಆಮೇಲೆ ಕೇಳಿದರು: "ಮಗೂನ ಅಪ್ಪ ಏನಂತಾರೆ?"

ಮಗುವಿನ ಅಪ್ಪನನ್ನು ನಾನು ಕೇಳಿರಲೇ ಇಲ್ಲ. ಹಾಳೆಯಲ್ಲಿ ಅವರಿಗೆಂದು ಜಾಗವೂ ಇರಲಿಲ್ಲ.

ಸಂಜೆ ಕೇಳಿದರೆ ನನ್ನ ಗಂಡ ಮೊಬೈಲಿನಿಂದ ತಲೆಯೆತ್ತದೆ, "ಅದೆಲ್ಲ ನಿನ್ ಖಾತೆ. ನಾನ್ಯಾಕೆ ಬಾಯಿ ಹಾಕ್ಲಿ?" ಎಂದರು. "ಅದ್ಸರಿ, ಆ ಮನುಷ್ಯ ಮಲಗಿಸ್ತಾನಾ? ಮಗು ಮಲಗುತ್ತಾ?"

"ಆರೇಳು ನಿಮಿಷಕ್ಕೆ ಮಲಗ್ತಾಳಂತೆ."

"ಮಲಗಿಸೋದೇನು ಮಹಾ ವಿದ್ಯೆ! ತಾ ಇಲ್ಲಿ."

ಮುಕ್ಕಾಲು ಗಂಟೆ ನಡೆಯಿತು ಆ ಯುದ್ಧ. ಮೊದಲು ಫ್ಯಾನಿನದು ತಪ್ಪಾಯಿತು, ಆಮೇಲೆ ದೀಪದ್ದು, ಆಮೇಲೆ ಹಾಸಿಗೆಯದು. ನಮ್ಮತ್ತೆ ಬಾಗಿಲಿಗೊರಗಿ ನಿಂತು ನೋಡಿದರು. ಗಂಡಸಿಗೆ ಮಗು ನೋಡುವ ಕೆಲಸವೇ ಎಂದು ಮೂಗು ಮುರಿದಿದ್ದವರು ಅವರೇ. "ಕುಣಿಯಲಾರದವನು ನೆಲ ಡೊಂಕು ಅಂದ್ನಂತೆ" ಎಂದರು ಮಗನಿಗೆ. "ಹೋಗಿ ಅವರ ಹತ್ರಾನೇ ಕಲ್ತ್ಕೊಂಡು ಬಾರೋ!"

ಶನಿವಾರ ನನ್ನ ಗಂಡನಿಗೆ ರಜೆ, ನನಗೆ ಕೆಲಸ. ಮಗುವನ್ನು ಅವರೇ ಬಿಡಲು ಹೋದರು. ಹೋದವರು ಹೊಳ್ಳಿ ಬಂದದ್ದು ಮಧ್ಯಾಹ್ನಕ್ಕೆ, ಅಂಗಿಯ ಹೆಗಲ ಮೇಲೆ ಕಕ್ಕಿದ ಹಾಲಿನ ಕಲೆಯೊಂದಿಗೆ. ಮೀಸೆ ಮಾಮ ಅವರನ್ನು ಚಾಪೆಯ ಮೇಲೆ ಕೂರಿಸಿಕೊಂಡು ಪಾಠ ಮಾಡಿದ್ದರು. ಮಗುವನ್ನು ಮುಂಗೈ ಉದ್ದಕ್ಕೆ ಬೋರಲು ಹಾಕಿಕೊಳ್ಳಬೇಕು, ಅಲ್ಲಾಡಿಸಬಾರದು, ನಡೆಯಬೇಕು. ಹಾಡು ಬರದಿದ್ದರೆ ಚಿಂತೆಯಿಲ್ಲ, ಒಂದೇ ದನಿಯಲ್ಲಿ ಗುಂಯ್ ಅನ್ನಬೇಕು. ಅದು ಕಾರ್ಖಾನೆಯ ಯಂತ್ರದ ಸದ್ದಂತೆ. ಮಾಮನಿಗೆ ಬರುವ ಜೋಗುಳ ಅದೊಂದೇ. ಆ ಸಂಜೆ ನಮ್ಮ ನಡುಮನೆಯಲ್ಲಿ ಯಂತ್ರ ಚಾಲೂ ಆಯಿತು. ಒಂಬತ್ತು ನಿಮಿಷ. ಮಗಳು ಮಲಗಿದಳು. ಅವಳಪ್ಪ ಉಸಿರು ಬಿಗಿಹಿಡಿದು, ಜಗತ್ತು ಗೆದ್ದವರಂತೆ ನನ್ನತ್ತ ನೋಡಿದರು.

ಆಮೇಲೆ ಹಾಳೆ ಕೇಳಿ ಪಡೆದು, ನನ್ನ ಹೆಸರಿನ ಕೆಳಗೆ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದರು. "ತಂದೆಯ ಸಹಿ" ಎಂದು ಬರೆದು ಸಹಿ ಹಾಕಿದರು. ಮೇಲಿನ ಗೆರೆಯಲ್ಲಿ ನಾನು ಹಾಕಿದೆ, ಪಕ್ಕದಲ್ಲಿ ಗಾಜಿನ ಬಾಗಿಲು ಮತ್ತು ಇಬ್ಬರ ನಿಯಮವನ್ನೂ ಬರೆದೆ.

ಸೋಮವಾರ ಮೇಡಂ ಅದನ್ನೋದಿ ಬಾಗಿಲಿಗೂ ಒಪ್ಪಿದರು, ನಿಯಮಕ್ಕೂ ಒಪ್ಪಿದರು. ಖುಷಿಯಲ್ಲಿ ಅಲ್ಲೇ, ನನ್ನೆದುರಿಗೇ, ಮೀಸೆ ಮಾಮನಿಗೆ ಇನ್ನೊಂದು ಮಾತನ್ನೂ ಹೇಳಿದರು: "ಈ ಕೋಣೆಗೆ ಒಬ್ಬರು ಉಸ್ತುವಾರಿ ಬೇಕಿತ್ತು. ನೀವೇ ಆಗಿಬಿಡಿ. ಗಂಡಸರಾದ್ರೆ ಒಂದು ಹಿಡಿತ ಇರುತ್ತೆ."

ಒಗೆದ ಲಂಗೋಟಿಗಳನ್ನು ಮಡಚುತ್ತಿದ್ದ ಆಯಮ್ಮನ ಕೈ ನಿಂತಿತು. ಆಕೆ ಆ ಕೋಣೆಗೆ ಬಂದು ಹನ್ನೊಂದು ವರ್ಷ.

ಮೀಸೆ ಮಾಮ ಮೀಸೆ ಕುಣಿಯುವಷ್ಟು ನಕ್ಕರು. "ಏನ್ ಮೇಡಂ, ಹೋದ ವಾರ ಗಂಡಸು ಅಂತ ಗೇಟಿಗೆ ಕಳಿಸ್ತಿದ್ರಿ, ಈ ವಾರ ಗಂಡಸು ಅಂತ ತಲೆ ಮೇಲೆ ಕೂರಿಸ್ತೀರಾ? ನಾನು ಬಂದು ತಿಂಗಳಾಗಿಲ್ಲ. ಯಾವ ಮಗು ಯಾಕೆ ಅಳುತ್ತೆ ಅಂತ ಈಗಲೂ ಇವರನ್ನೇ ಕೇಳ್ತೀನಿ. ಇವರನ್ನ ಮಾಡಿ."

ಮೇಡಂ ಆಯಮ್ಮನನ್ನು ಈಗಷ್ಟೇ ಕಂಡವರಂತೆ ನೋಡಿದರು. "ನೀವು... ಯಾವತ್ತೂ ಕೇಳ್ಲೇ ಇಲ್ವಲ್ಲ?"

"ನೀವೂ ಹೇಳ್ಲಿಲ್ವಲ್ಲಮ್ಮಾ, ಇಂಥದೊಂದು ಇದೆ ಅಂತ" ಎಂದರು ಆಯಮ್ಮ. ಆಮೇಲೆ ಮೆಲ್ಲಗೆ, "ಉಸ್ತುವಾರಿ ಅಂದ್ರೆ, ಇವರು ನಾನು ಹೇಳ್ದಂಗೆ ಕೇಳ್ಬೇಕಾ?"

"ಕೇಳ್ಬೇಕು."

ಮೇಡಂ ಔಷಧಿ ಬೀರುವಿನ ಕೀಲಿಯನ್ನು ತಮ್ಮ ಗೊಂಚಲಿನಿಂದ ಬಿಡಿಸಿ ಕೊಟ್ಟರು. ಆಯಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ಮೀಸೆ, ಆ ಲಂಗೋಟಿ ಬಕೆಟ್ ಮೊದ್ಲು ಖಾಲಿಯಾಗ್ಲಿ. ಶನಿವಾರದಿಂದ ನೆನೀತಾ ಬಿದ್ದಿದೆ. ಆಮೇಲೆ ಮೂರನೇ ತೊಟ್ಟಿಲು ನೋಡಿ, ಅದು ಹಸಿವಿನ ಅಳು."

"ಆಯ್ತು ಯಜಮಾನ್ರೇ!" ಎಂದು ಮೀಸೆ ಮಾಮ ಅಂಗಿಯ ತೋಳು ಮಡಚಿ ಬಕೆಟ್ ಎತ್ತಿಕೊಂಡು ನಡೆದರು. ಮೂರನೆಯ ತೊಟ್ಟಿಲಿನದು ನನ್ನ ಮಗಳು. ನಾನು ಬಾಟಲಿಯನ್ನು ಆಯಮ್ಮನ ಕೈಗಿತ್ತು ಕೆಲಸಕ್ಕೆ ಹೊರಟೆ.