ಹಳೆಯ ಚಪ್ಪಲಿ ಕಟ್ಟಿದ ತಂತಿ

ನಿಮ್ಮ ಅಜ್ಜ ದಿನಾ ಆನವಟ್ಟಿಯಿಂದ ಶಿಕಾರಿಪುರಕ್ಕೆ ಪಿಕಪ್ ಓಡಿಸುತ್ತಿದ್ದರು. ನಮ್ಮ ಅನ್ನಕ್ಕೆ ಅದೊಂದೇ ದಾರಿ. ಗುಂಡಿಗಳಲ್ಲಿ ಕುಲುಕಿ ಕುಲುಕಿ ಅವರ ಸೊಂಟದ ಮೂಳೆ ಸವೆದಿತ್ತು. ಹೀಗೇ ಓಡಿಸಿದರೆ ಹಾಸಿಗೆ ಹಿಡಿಯುತ್ತೀರಿ ಎಂದು ಡಾಕ್ಟರು ಹೇಳಿಬಿಟ್ಟರು.

ಗಾಡಿ ರಿಪೇರಿ ಮಾಡುವ ಗ್ಯಾರೇಜಿನವನು, ಕುಲುಕು ತಗ್ಗಲೆಂದು, ಗುಜರಿಗೆ ಬಂದಿದ್ದ ದೊಡ್ಡ ಬಸ್ಸಿನಿಂದ ಎರಡು ದಪ್ಪ ರಬ್ಬರಿನ ಗಾಳಿಚೀಲ ಬಿಚ್ಚಿ ತಂದ. ವಾರವಿಡೀ ಅಳತೆ ನೋಡಿ, ಹಿಂದಿನ ಚಕ್ರಗಳ ಪಟ್ಟಿ ಸ್ಪ್ರಿಂಗು ತೆಗೆದು ಅವನ್ನು ಕೂರಿಸಿದ. ಅಂದು ಅಜ್ಜ ನಗುತ್ತಾ ಮನೆಗೆ ಬಂದರು. ಆ ನಗುವಿಗೆ ಯಾರ ಕಣ್ಣು ಬೀಳುವುದೋ ಎಂದು ಹೆದರಿ, ಹಳೆಯ ಚಪ್ಪಲಿಯೊಂದನ್ನು ಗಾಡಿಯ ಅಡಿಗೆ ತಂತಿಯಿಂದ ಕಟ್ಟಿದೆ.

ಮೂರನೇ ದಿನ ಗಾಡಿ ಒಂದು ಮಗ್ಗುಲಿಗೆ ಕುಸಿಯಿತು. ನಾನು ಬುತ್ತಿ ಹಿಡಿದು ಗ್ಯಾರೇಜಿಗೆ ಹೋದಾಗ ಇಬ್ಬರೂ ಜಗಳವಾಡುತ್ತಿದ್ದರು.

"ಕೊಳೆತ ರಬ್ಬರು ಹಾಕಿದೀಯ ನೀನು!"

"ನೀವು ಯಾವ ಕಲ್ಲಿನ ಮೇಲೆ ಹತ್ತಿಸಿದ್ರೋ ಯಾರಿಗ್ಗೊತ್ತು ರೀ?"

ಬಗ್ಗಿ ನೋಡಿದೆ. ನನ್ನ ತಂತಿಯ ತುದಿ ಗಾಳಿಚೀಲಕ್ಕೆ ಚುಚ್ಚಿಕೊಂಡಿತ್ತು. ಹೊರಗಿನ ಗಂಡಸರೆದುರು ಅದುವರೆಗೆ ನಾನು ಬಾಯಿ ತೆರೆದವಳಲ್ಲ.

"ಆ ತಂತಿ ನಾನು ಕಟ್ಟಿದ್ದು ರೀ. ದೃಷ್ಟಿ ಆಗಬಾರ್ದು ಅಂತ."

"ಅಕ್ಕಾರೆ, ಊರಿನ ಕಣ್ಣೆಲ್ಲ ಸೇರಿದ್ರೂ ಇಷ್ಟು ದೊಡ್ಡ ತೂತು ಬೀಳ್ತಿರ್ಲಿಲ್ಲ ಬಿಡ್ರಿ," ಎಂದ ಗ್ಯಾರೇಜಿನವನು.

ಅಜ್ಜ ನಗಲಿಲ್ಲ, ಬೈಯಲೂ ಇಲ್ಲ. ತೇಪೆ ನಿಲ್ಲಲಿಲ್ಲ, ಅಂಥ ಚೀಲ ಮತ್ತೆ ಸಿಗಲಿಲ್ಲ. ಹಳೆಯ ಸ್ಪ್ರಿಂಗೇ ವಾಪಸು ಬಂತು.

ಮರುದಿನ ಬೆಳಿಗ್ಗೆ ಸೀಟಿನ ಮೇಲೆ ಕಂಬಳಿ ಮಡಚಿ ಹಾಕಿದೆ. ಅವರು ಬಾಗಿಲು ಹಿಡಿದು ಹತ್ತಲು ನೋಡಿದರು, ಸೊಂಟ ಏಳಲಿಲ್ಲ. ಎರಡನೇ ಸಲಕ್ಕೆ ಹತ್ತಿದರು.