ನೆಟ್ಟಗಿದ್ದ ಗೋಡೆ

ಬೀದಿಯವರ ಬಾಯಲ್ಲಿ ಅವನು ಗಲ್ಲದಣ್ಣ. ಕೂದಲು ನರೆಯುವವರೆಗೂ ಸ್ಟುಡಿಯೋದಲ್ಲಿ ನಿಂತು, ಪಾಸ್‌ಪೋರ್ಟ್ ಫೋಟೋಗೆ ಕೂತವರಿಗೆಲ್ಲ "ಗಲ್ಲ ಸ್ವಲ್ಪ ಎತ್ತಿ, ಹಾಂ, ಸಾಕು" ಎಂದವನಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ಕತ್ತು ವಾಲಿದವರನ್ನು ನೆಟ್ಟಗೆ ಕೂರಿಸುತ್ತಿದ್ದ. ಕೂರದಿದ್ದವರಿಗಾಗಿ ಕ್ಯಾಮೆರಾವನ್ನೇ ಚೂರು ವಾಲಿಸುತ್ತಿದ್ದ. ಅವನ ಕೈ ದಾಟಿ ಸೊಟ್ಟಮೋರೆಯೊಂದೂ ಹೊರಗೆ ಹೋದದ್ದಿಲ್ಲ.

ಅಂಥವನಿಗೆ ಕಲೆಯ ಗಾಳಿ ಬಡಿದದ್ದು ಸಂಜೆ ತರಗತಿಯಲ್ಲಿ. ಸಮಕಾಲೀನ ಛಾಯಾಗ್ರಹಣ ಕಲಿಸುವ ಮೇಡಂಗೆ ಅವನ ಮಗಳಾಗುವಷ್ಟು ವಯಸ್ಸು. "ನಿಮಗೆ ಕೈ ಪಳಗಿದೆ ಸಾರ್, ಕಣ್ಣು ಪಳಗಿಲ್ಲ. ದಿನಾ ಒಂದೇ ವಸ್ತುವನ್ನ ನೋಡಿ. ಅದು ತಾನಾಗೇ ಮಾತಾಡುತ್ತೆ" ಎಂದಳು. ಗಲ್ಲದಣ್ಣ ಮಾರನೆಯ ದಿನದಿಂದಲೇ ಗಡ್ಡ ಬಿಟ್ಟ. ಊಟಕ್ಕೆ ಕರೆದರೆ "ಬೆಳಕು ಹೋಗಿಬಿಡುತ್ತೆ" ಎನ್ನತೊಡಗಿದ.

ಮಾತಾಡುವ ವಸ್ತು ಮನೆಯಲ್ಲೇ ಸಿಕ್ಕಿತು. ಪಕ್ಕದ ಜಾಗದಲ್ಲಿ ದೊಡ್ಡ ಕಟ್ಟಡವೊಂದಕ್ಕೆ ಪಾಯ ತೋಡುತ್ತಿದ್ದರು. ಇತ್ತ ನಡುಮನೆಯಲ್ಲಿ ಬಾಗಿಲ ಚೌಕಟ್ಟಿನ ಮೂಲೆಯಿಂದ ಕೂದಲೆಳೆಯಂಥ ಬಿರುಕೊಂದು ಹೊರಟಿತ್ತು. ಅವನು ಬೆಳಿಗ್ಗೆ ಎದ್ದು ಫ್ಯಾನ್ ಆರಿಸಿ, ಎಲ್ಲರನ್ನೂ ಆಚೆ ಅಟ್ಟಿ ಅದರ ಚಿತ್ರ ತೆಗೆಯುತ್ತಿದ್ದ. ಬಿರುಕಿನಲ್ಲಿ ಬೆರಳು ಹೋಗುವಂತಾದ ದಿನ ಮನೆಗೆ ಸಿಹಿ ತಂದ.

"ರೀ, ಗೋಡೆ ಒಳಗೆ ಏನೋ ಕರಕರ ಅನ್ನುತ್ತೆ. ಗಾರೆಯವನನ್ನ ಕರೀರಿ" ಎಂದಳು ಹೆಂಡತಿ.

"ಕಲಾಕೃತಿಗೆ ಸಿಮೆಂಟು ಮೆತ್ತಿಸ್ತೀಯೇನೇ? ಪ್ರದರ್ಶನ ಮುಗೀಲಿ."

"ಅಷ್ಟರಲ್ಲಿ ನಾವೇ ಮುಗಿದ್ರೆ?"

"ಫೋಟೋ ನೋಡೇ! ದಾರ ಹಿಡಿದ ಹಾಗೆ ನೆಟ್ಟಗಿದೆ ಗೋಡೆ."

ಅದೇ ಗೋಡೆಯ ಬುಡದಲ್ಲಿ ಮಂಚ ಹಾಕಿಕೊಂಡಿದ್ದ ಅತ್ತೆ ಕೇಳಿದರು: "ನನ್ನ ಮುಖದ ತುಂಬಾನೂ ಬಿರುಕೇ ಅಲ್ವಾ ಅಳಿಯಂದಿರೇ? ಇದನ್ನ್ಯಾಕೆ ತೆಗೆಯಲ್ಲ?"

ಒಂದು ಸಂಜೆ ತರಗತಿಯಲ್ಲಿ ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಜೋಡಿಸಿದ. ಮೇಡಂ ಮೊದಲಿನಿಂದ ಕೊನೆಯವರೆಗೆ ನೋಡಿದಳು, ಮತ್ತೆ ಮೊದಲಿಗೆ ಹೋದಳು.

"ಸಾರ್, ಬಾಗಿಲ ಚೌಕಟ್ಟು ಎಲ್ಲದರಲ್ಲೂ ನೆಟ್ಟಗಿದೆ. ಆದ್ರೆ ಪಕ್ಕದಲ್ಲಿ ನೇತಾಡೋ ಈ ಬಲ್ಬಿನ ತಂತಿ ಬರ್ತಾ ಬರ್ತಾ ವಾಲ್ತಾ ಇದೆಯಲ್ಲ? ಫ್ಯಾನ್ ಗಾಳಿಗಾ?"

ಬೇಕೆಂದೇ ಮಾಡಿದ್ದು ಎನ್ನಲು ಗಲ್ಲದಣ್ಣ ಬಾಯಿ ತೆರೆದ. ಬದಲಿಗೆ ಮೊದಲ ಚಿತ್ರವನ್ನೂ ಕೊನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಫ್ಯಾನ್ ಆರಿಸುತ್ತಿದ್ದವನು ಅವನೇ. ಗಾಳಿಯಿಲ್ಲದ ಕೋಣೆಯಲ್ಲಿ ನೇತುಬಿದ್ದ ತಂತಿಗೆ ವಾಲುವುದು ಗೊತ್ತಿಲ್ಲ. ವಾಲುತ್ತಿದ್ದದ್ದು ಗೋಡೆ. ಚೌಕಟ್ಟು ಕಣ್ಣಿಗೆ ಸೊಟ್ಟ ಕಂಡಾಗಲೆಲ್ಲ ಅವನ ಕೈ, ಅವನನ್ನು ಒಂದು ಮಾತೂ ಕೇಳದೆ, ಕ್ಯಾಮೆರಾವನ್ನು ಅದರ ಜೊತೆಗೇ ವಾಲಿಸಿತ್ತು.

ಮೆಟ್ಟಿಲಿಳಿಯುತ್ತಲೇ ಹೆಂಡತಿಗೆ ಫೋನ್ ಮಾಡಿದ.

"ನಿಮ್ಮಮ್ಮನನ್ನ ಕರ್ಕೊಂಡು ಈಗಲೇ ಬೀದಿಗೆ ಬಾ."

"ಒಲೆ ಮೇಲೆ ಹಾಲಿದೆ ಕಣ್ರೀ."

"ಉಕ್ಕಿ ಹೋಗ್ಲಿ!"

ಒಂದು ತೊಟ್ಟು ಹಾಲು ಚೆಲ್ಲಿದರೂ ಮನೆ ತಲೆ ಮೇಲೆ ಹೊರುವ ಗಂಡ ಹೀಗೆಂದದ್ದೇ ಸಾಕಾಯಿತು. ಅವಳು ತಾಯಿಯನ್ನು ಮಂಚದಿಂದ ಎಬ್ಬಿಸಿದಳು.

ಅವನು ಏದುಸಿರು ಬಿಡುತ್ತ ಬಂದಾಗ ಅತ್ತೆ ಬೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಹೆಂಡತಿ ಪಕ್ಕದಲ್ಲಿ ನಿಂತಿದ್ದಳು. ಮನೆ ಏನೂ ಅರಿಯದ ಮಗುವಿನಂತೆ ಮುಸ್ಸಂಜೆಯಲ್ಲಿ ನಿಂತಿತ್ತು. ಅದು ನಿಂತಿದ್ದೇ ತಪ್ಪಾಯಿತು. ಅವನ ಭಯ ಇಳಿಯಿತು, ಕಲೆ ಏರಿತು.

"ಕ್ಯಾಮೆರಾ ಒಳಗಿದೆ ಕಣೇ. ಇವತ್ತೊಂದು ಚಿತ್ರ, ವಾಲಿಸದೆ, ಇದ್ದದ್ದು ಇದ್ದ ಹಾಗೆ. ಹೀಗೆ ಹೋಗಿ ಹಾಗೆ ಬಂದೆ."

"ಹೋಗಿ, ನೋಡೋಣ" ಎಂದು ಅವಳು ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಹಿಡಿದಳು. ಅವನು ಎಳೆದ. ಎದೆಯ ಗುಂಡಿ ಹಾರಿತು. ಮುಷ್ಟಿ ಸಡಿಲಾಗಲಿಲ್ಲ.

ಒಳಗೆ ಯಾರೋ ಮೊರದಿಂದ ಮರಳು ಸುರಿದಂಥ ಸದ್ದು. ನಿಂತಿತು. ಅತ್ತೆ ಎದ್ದು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದುಕೊಂಡರು.

ಸದ್ದು ಮತ್ತೆ ಶುರುವಾಯಿತು. ಈ ಸಲ ನಿಲ್ಲಲಿಲ್ಲ.