ಫ್ಲೆಕ್ಸಿನ ಹಿಂದೆ ಚನ್ನಮಲ್ಲಯ್ಯ

ಮದಲೂರಿನ ಟೈಲರ್ ಚನ್ನಮಲ್ಲಯ್ಯನಿಗೆ ಅವನದೇ ಫೋಟೋ ಕೊಟ್ಟಷ್ಟು ಕಾಟವನ್ನು ಆಗದವರೂ ಕೊಟ್ಟಿರಲಿಲ್ಲ. ಆ ಫೋಟೋ ಇದ್ದದ್ದು ಅವನ ಅಂಗಡಿಯ ಎದುರಿಗೇ, ಆಸ್ಪತ್ರೆ ಕಾಂಪೌಂಡಿನ ಮುಂದೆ ಎರಡು ಕಬ್ಬಿಣದ ಕಂಬಕ್ಕೆ ಕಟ್ಟಿದ ದೊಡ್ಡ ಫ್ಲೆಕ್ಸಿನಲ್ಲಿ. ಹೆಗಲ ಮೇಲೆ ಶಾಲು, ಕೊರಳಲ್ಲಿ ಸೇವಂತಿಗೆ ಹಾರ, ಹಣೆಯಲ್ಲಿ ವಿಭೂತಿ, ಮುಖದ ತುಂಬ ನಗು. ಕೆಳಗೆ ದಪ್ಪ ಅಕ್ಷರಗಳಲ್ಲಿ, 'ಬೀಡಿ ಬಿಟ್ಟು ಹನ್ನೊಂದು ತಿಂಗಳು. ನನ್ನಿಂದಾಯಿತು, ನಿಮ್ಮಿಂದಲೂ ಆಗುತ್ತದೆ' ಎಂದಿತ್ತು. ಬಸ್ಸಿನಲ್ಲಿ ಹೋಗುತ್ತಿದ್ದ ದೂರದ ನೆಂಟರೊಬ್ಬರು ಹಾರವನ್ನಷ್ಟೇ ನೋಡಿ, ಅಕ್ಷರ ಓದುವ ಹೊತ್ತಿಗೆ ಬಸ್ಸು ಮುಂದೆ ಹೋಗಿ, ಅವನ ಹೆಂಡತಿ ಸರ್ವಮಂಗಳಾಗೆ ಫೋನ್ ಮಾಡಿ ಗೊಳೋ ಎಂದು ಅತ್ತಿದ್ದರು. "ಅಯ್ಯೋ, ಅವ್ರು ಚೆನ್ನಾಗವ್ರೆ ಕಣಮ್ಮ, ಇಲ್ಲೇ ಕಾಜಾ ಹಾಕ್ತಾ ಕುಂತವ್ರೆ," ಎಂದು ಆಕೆಯೇ ಅವರನ್ನು ಸಮಾಧಾನ ಮಾಡಬೇಕಾಯಿತು.

ಚನ್ನಮಲ್ಲಯ್ಯ ಮೂವತ್ತನಾಲ್ಕು ವರ್ಷ ಬೀಡಿ ಸೇದಿದವನು. ಅವನು ಹೊಲಿದ ರವಿಕೆಯನ್ನು ಎರಡು ಸಲ ಒಗೆಯದೆ ತೊಡುವಂತಿಲ್ಲ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಆದರೂ ಅವನ ಹತ್ತಿರವೇ ಬರುತ್ತಿದ್ದರು, ಯಾಕೆಂದರೆ ಅವನ ಅಳತೆ ತಪ್ಪುತ್ತಿರಲಿಲ್ಲ. ತಪ್ಪಿದ್ದು ಒಂದೇ ಸಲ. ರಾಜಲಕ್ಷ್ಮಮ್ಮನ ಮಗಳ ಮದುವೆಯ ರೇಷ್ಮೆ ರವಿಕೆ ಕತ್ತರಿಸುವಾಗ ಕೆಮ್ಮು ಒತ್ತರಿಸಿಕೊಂಡು ಬಂದು, ಕತ್ತರಿ ಜರಿಯಂಚಿನೊಳಕ್ಕೆ ಎರಡು ಬೆರಳಿನಷ್ಟು ನುಗ್ಗಿಬಿಟ್ಟಿತು. ಆಯಮ್ಮ ಬಯ್ಯಲಿಲ್ಲ. "ಬಟ್ಟೆ ಹೋದ್ರೆ ಹೋಗ್ಲಿ, ಮೊದ್ಲು ಎದುರ್ಗಡೆ ಹೋಗಿ ತೋರಿಸ್ಕಳಿ," ಎಂದಳು. ಬೈದಿದ್ದರೆ ಅವನು ಇನ್ನೊಂದು ಬೀಡಿ ಹಚ್ಚಿಕೊಂಡು ಸುಮ್ಮನಾಗುತ್ತಿದ್ದನೇನೋ.

ಆಸ್ಪತ್ರೆಯ ಶೃತಿ ಸಿಸ್ಟರ್ ಮುಚ್ಚುಮರೆ ಮಾಡಲಿಲ್ಲ. ಹೀಗೇ ಸೇದುತ್ತಿದ್ದರೆ ಕೆಲವೇ ವರ್ಷಗಳಲ್ಲಿ ಮಿಷನ್ ತುಳಿಯುವಷ್ಟು ಉಸಿರೂ ಉಳಿಯುವುದಿಲ್ಲ ಎಂದರು. ಚನ್ನಮಲ್ಲಯ್ಯನಿಗೆ ಸಾವಿನ ಮಾತು ಹೇಳಿದ್ದರೆ ಅಷ್ಟು ತಾಗುತ್ತಿರಲಿಲ್ಲ, ಮಿಷನ್ನಿನ ಮಾತು ತಾಗಿತು. ಅವತ್ತೇ ಬೀಡಿ ಬಿಟ್ಟ. ಸರ್ವಮಂಗಳಾ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಡಬ್ಬಿಗೆ ತುಂಬಿ ಮಿಷನ್ನಿನ ಮೇಲಿಟ್ಟಳು. ಬೀಡಿ ನೆನಪಾದಾಗಲೆಲ್ಲ ಒಂದು ಬೀಜ ದವಡೆಗೆ ಸೇರುತ್ತಿತ್ತು. ಹೀಗೆ ಹನ್ನೊಂದು ತಿಂಗಳು ಕಳೆಯಿತು. ಮೇ ಮೂವತ್ತೊಂದರ ತಂಬಾಕು ವಿರೋಧಿ ದಿನದಂದು ಆಸ್ಪತ್ರೆಯವರು ಶಾಲು ಹೊದಿಸಿ, ಫೋಟೋ ತೆಗೆದು, ಫ್ಲೆಕ್ಸ್ ಹಾಕಿಸಿದರು.

ಸರಿಯಾಗಿ ಹದಿನೈದು ದಿನ. ಶಾಲೆಗಳು ಶುರುವಾಗಿ ಯೂನಿಫಾರಂ ಬಟ್ಟೆ ಸೊಂಟದೆತ್ತರ ಬಿದ್ದಿತ್ತು. ಅವತ್ತು ಬೆಳಗಿನಿಂದ ಕರೆಂಟಿಲ್ಲದೆ ಇಸ್ತ್ರಿ ಕೆಲಸ ನಿಂತಿತ್ತು. ಬಟ್ಟೆಗೆ ಕಾದು ಕೂತಿದ್ದ ಗಿರಾಕಿಯೊಬ್ಬ ಬೀಡಿ ಹಚ್ಚಿ, ಅಭ್ಯಾಸಬಲದಿಂದ ಇವನ ಕಡೆಗೂ ಕಟ್ಟು ಚಾಚಿದ. ಚನ್ನಮಲ್ಲಯ್ಯನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ದುಃಖವಿರಲಿಲ್ಲ, ಜಗಳವಿರಲಿಲ್ಲ, ಹೇಳಿಕೊಳ್ಳಲು ಒಂದು ಕಾರಣವಾದರೂ ಇರಬೇಡವೇ!

ಒಂದು ನಾಲ್ಕಾಯಿತು, ನಾಲ್ಕು ಎಂಟಾಯಿತು. ಊರಿನಲ್ಲಿ ಕೊಂಡರೆ ಮಾನ ಹೋಗುತ್ತದೆಂದು ದಾರ ತರುವ ನೆಪದಲ್ಲಿ ಶಿರಾಕ್ಕೆ ಹೋಗಿ ಬೀಡಿ ತಂದ. ಸೇದಲು ಜಾಗ ಹುಡುಕಿ ಹುಡುಕಿ ಸಿಕ್ಕಿದ್ದು ಫ್ಲೆಕ್ಸಿನ ಹಿಂಬದಿ. ಫ್ಲೆಕ್ಸಿಗೂ ಕಾಂಪೌಂಡಿಗೂ ನಡುವೆ ಒಬ್ಬ ಕುಕ್ಕರಗಾಲಲ್ಲಿ ಕೂರುವಷ್ಟು ಸಂದಿಯಿತ್ತು. ಮುಂದುಗಡೆ ಚನ್ನಮಲ್ಲಯ್ಯ ನಗುತ್ತಿದ್ದ, ಹಿಂದುಗಡೆ ಚನ್ನಮಲ್ಲಯ್ಯ ಕೆಮ್ಮುತ್ತಿದ್ದ.

ಇನ್ನೊಮ್ಮೆ ಬಿಡುವ ಯೋಚನೆಯನ್ನೇ ಅವನು ಕೈಬಿಟ್ಟಿದ್ದ. ಹನ್ನೊಂದು ತಿಂಗಳು ನೀರಿನಲ್ಲಿ ಹೋಮ ಮಾಡಿದಂತಾಯಿತು, ಮತ್ತೆ ಯಾಕೆ ಆ ಒದ್ದಾಟ, ಫ್ಲೆಕ್ಸ್ ಬಿಸಿಲಿಗೆ ಬೆಳ್ಳಗಾಗಿ ಹರಿದುಹೋಗಲಿ, ಆಮೇಲೆ ರಾಜಾರೋಷವಾಗಿ ಸೇದಿದರಾಯಿತು ಎಂದುಕೊಂಡಿದ್ದ. ಸರ್ವಮಂಗಳಾಗೆ ಟವೆಲ್ಲಿನ ವಾಸನೆಯಿಂದಲೇ ಎಲ್ಲ ಗೊತ್ತಾಗಿತ್ತು. ಆದರೂ ಹುಣಸೆಬೀಜದ ಡಬ್ಬಿಯನ್ನು ದಿನಾ ತುಂಬಿಸಿ ಇಡುತ್ತಿದ್ದಳು. ಅವನು ಅದನ್ನು ಮುಟ್ಟುತ್ತಿರಲಿಲ್ಲ. ಮಿಷನ್ ತುಳಿಯುವಾಗ ನಾಲ್ಕು ಹೊಲಿಗೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುವುದು ಮತ್ತೆ ಶುರುವಾಗಿತ್ತು.

ಆಷಾಢದ ಒಂದು ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತಿಗೆ ಅವನು ಅಲ್ಲಿ ಕೂತು ಸೇದುತ್ತಿದ್ದಾಗ ರಸ್ತೆಯಲ್ಲಿ ಲಗೇಜ್ ಆಟೋ ಒಂದು ನಿಂತಿತು. ಸ್ವಲ್ಪ ಹೊತ್ತಿಗೆ ನಲವತ್ತು ದಾಟಿದ ಗಂಡಸೊಬ್ಬ, ಹಚ್ಚದ ಬೀಡಿ ಹಿಡಿದುಕೊಂಡು, ಆ ಕಡೆ ಈ ಕಡೆ ನೋಡುತ್ತ ಅದೇ ಸಂದಿಗೆ ನುಗ್ಗಿದ.

"ದೇವುಡಾ!" ಎಂದು ಅಲ್ಲೇ ನಿಂತ. ನಾಗಲಮಡಿಕೆ ಕಡೆಯ ಕದಿರಯ್ಯ ಅವನು, ಹುಣಸೆಹಣ್ಣು ಸಾಗಿಸುವವನು. "ನೀವು ಆ ಫೋಟೋದೋರಲ್ವಾ?"

ಬಚ್ಚಿಡಲು ಏನೂ ಉಳಿದಿರಲಿಲ್ಲ. ಹೊಗೆ ಮೂಗಿನಿಂದಲೇ ಬರುತ್ತಿತ್ತು. "ಊಂ ಕಣಪ್ಪ, ನಾನೇಯ."

"ನಿಮ್ಮನ್ನ ನೋಡೇ ಕಣಣ್ಣ ನಾನು ಬುಟ್ಟಿದ್ದು," ಎಂದ ಕದಿರಯ್ಯ. "ಇವತ್ತಿಗೆ ನಲವತ್ತೆರಡು ದಿನ. ವಾರಕ್ಕೆ ಮೂರು ಸಲ ಈ ರೋಡಲ್ಲಿ ಬರ್ತೀನಿ, ಬಂದಾಗೆಲ್ಲ ನಿಮಗೊಂದು ಹಾರನ್ ಹೊಡ್ದು ಹೋಗ್ತಿದ್ದೆ. ಇವತ್ತು ಟೈರು ಪಂಚರಾಗಿ, ಲೋಡು ಲೇಟಾಗಿ, ಮಂಡೀಲಿ ಉಗಿಸ್ಕಂಡು ತಲೆ ಕೆಟ್ಟೋಯ್ತು. ಒಂದು ಕಟ್ಟು ತಕ್ಕಂಬುಟ್ಟೆ. ನಿಮ್ಮ ಮಕ ನೋಡ್ಕಂಡು ಹಚ್ಚಕ್ಕೆ ನಾಚ್ಕೆ ಆಯ್ತು. ಅದ್ಕೇ ಹಿಂದಕ್ಕೆ ಬಂದೆ."

ಆ ಹಾರನ್ ಯಾರದೆಂದು ಚನ್ನಮಲ್ಲಯ್ಯ ಎಷ್ಟೋ ಸಲ ಬೈದುಕೊಂಡಿದ್ದ.

"ನಿಮ್ಮ ಕೈಲೇ ಆಗ್ಲಿಲ್ಲ ಅಂದ್ಮ್ಯಾಲೆ ನನ್ನಂಥೋನ ಕೈಲಿ ಆಯ್ತದಾ? ಬುಡಿ. ಬೆಂಕಿಪೊಟ್ನ ಇದ್ರೆ ಕೊಡಿ."

ಬೆಂಕಿಪೊಟ್ಟಣ ಜೇಬಿನಲ್ಲೇ ಇತ್ತು. ಚನ್ನಮಲ್ಲಯ್ಯ ಜೇಬಿನ ಮೇಲೆ ಅಂಗೈ ಒತ್ತಿ ಹಿಡಿದ.

"ಕೊಡಲ್ಲ ಕಣಪ್ಪ. ನಂದು ಹನ್ನೊಂದು ತಿಂಗ್ಳು ಸುಳ್ಳಲ್ಲ. ಕೆಮ್ಮಿಲ್ದೆ ನಿದ್ದೆ ಮಾಡಿದ್ದೆ, ಕೆರೆ ಏರಿ ಮ್ಯಾಲೆ ಆ ತುದಿಗಂಟ ನಡ್ದಿದ್ದೆ. ನಿಂದು ನಲವತ್ತೆರಡು ದಿನಾನೂ ಸುಳ್ಳಲ್ಲ. ಹೊಲಿಗೆ ಒಂದ್ಕಡೆ ಸೊಟ್ಟ ಹೋದ್ರೆ ಅಷ್ಟು ಬಿಚ್ಚಿ ಮತ್ತೆ ಹೊಲೀತೀನಿ. ರವಿಕೇನೇ ಒಲೆಗೆ ಹಾಕ್ತೀನಾ?"

ಕದಿರಯ್ಯ ಅವನ ಕೈಯಲ್ಲಿ ಉರಿಯುತ್ತಿದ್ದ ಬೀಡಿಯನ್ನು ನೋಡಿದ. ಕುಹಕವಿಲ್ಲದೆ, ನಿಜವಾಗಿ ತಿಳಿಯಬೇಕೆಂದೇ ಕೇಳಿದ. "ಅಂಗಾದ್ರೆ ನೀವ್ಯಾಕಣ್ಣ ಒಲೆಗೆ ಹಾಕ್ಬುಟ್ಟು ಕುಂತಿದ್ದೀರಿ?"

ಚನ್ನಮಲ್ಲಯ್ಯ ಬೀಡಿಯನ್ನು ನೆಲಕ್ಕೆ ಹಾಕಿ ಹವಾಯಿ ಚಪ್ಪಲಿಯಲ್ಲಿ ಹೊಸಕಿದ. ಕದಿರಯ್ಯ ತನ್ನದನ್ನು ಬೆರಳಲ್ಲೇ ಪುಡಿ ಮಾಡಿದ. ಎರಡು ಕಟ್ಟು, ಒಂದು ಬೆಂಕಿಪೊಟ್ಟಣ ಚರಂಡಿಯ ನೀರು ಕುಡಿದವು.

ಆಟೋ ಹೋದಮೇಲೆ ಚನ್ನಮಲ್ಲಯ್ಯ ನೇರ ಆಸ್ಪತ್ರೆಯೊಳಕ್ಕೆ ನಡೆದ. "ಆ ಫ್ಲೆಕ್ಸ್ ಕಿತ್ತಾಕ್ಬುಡಿ ಸಿಸ್ಟರ್. ಸುಳ್ಳು ಹೇಳ್ತಾ ನಿಂತದೆ."

"ನಮ್ಮ ಇಂಜೆಕ್ಷನ್ ರೂಮಿನ ಕಿಟಕಿ ಯಾವ ಕಡೆಗಿದೆ ಅಂತ ನೋಡಿದ್ದೀರಾ?" ಎಂದರು ಶೃತಿ ಸಿಸ್ಟರ್. ಅವನು ನೋಡಿದ. ಕಿಟಕಿ ಸರಿಯಾಗಿ ಆ ಸಂದಿಯ ಮೇಲೇ ಇತ್ತು. "ನೀವಾಗೇ ಬರ್ತೀರ ಅಂತ ಕಾಯ್ತಿದ್ದೆ. ಬಿಟ್ಟೋರಲ್ಲಿ ಎಷ್ಟೋ ಜನ ಹಿಂಗೆ ಬಿದ್ದು ಎದ್ದೋರೇ. ಹೋದ ಸಲ ನಿಮಗೆ ಏನೂ ಗೊತ್ತಿರ್ಲಿಲ್ಲ. ಈಗ ಹನ್ನೊಂದು ತಿಂಗಳು ಹೆಂಗೆ ಇರೋದು ಅಂತ ಗೊತ್ತು. ಫ್ಲೆಕ್ಸ್ ಕೀಳಲ್ಲ. ತಪ್ಪಿದ್ದರೆ ನೀವೇ ತಿದ್ದಿ."

ಅವನು ಅಂಗಡಿಗೆ ಬಂದು ಕಪ್ಪು ಲೈನಿಂಗ್ ಬಟ್ಟೆಯಲ್ಲಿ ಒಂದು ಮೊಳ ಕತ್ತರಿಸಿ, ಅಂಚು ಮಡಿಸಿ ಹೊಲಿದ. ಅದನ್ನು ಒಯ್ದು ಫ್ಲೆಕ್ಸಿನ 'ಹನ್ನೊಂದು ತಿಂಗಳು' ಎಂಬುದರ ಮೇಲೆ ಪಿನ್ನು ಹಾಕಿ ಕೂರಿಸಿದ. ಬಟ್ಟೆಗೆ ಗುರುತು ಹಾಕುವ ಬಿಳಿ ಚಾಕ್‌ಪೀಸಿನಲ್ಲಿ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಂತೆ, ಬರೆದ: 'ಸೊನ್ನೆ ದಿನ.' ಯಾರೋ ಕಿಸಕ್ಕನೆ ನಕ್ಕರು. ಸರ್ವಮಂಗಳಾ ಹುಣಸೆಬೀಜದ ಡಬ್ಬಿ ಹಿಡಿದು ರಸ್ತೆ ದಾಟಿ ಬಂದು ನೋಡಿದಳು.

"ಈಗ ನೋಡಿ, ಫೋಟೋ ನಿಮ್ಮಂಗೇ ಕಾಣ್ತದೆ," ಎಂದು ಡಬ್ಬಿ ಮುಂದಿಟ್ಟಳು.

ಅಲ್ಲಿಂದ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಹಳೆಯ ಅಂಕಿ ಒರೆಸಿ ಹೊಸದು ಬರೆಯುವುದು ಅವನ ಕೆಲಸವಾಯಿತು. ಹದಿನೆಂಟರವರೆಗೆ ಸುಸೂತ್ರವಾಗಿ ಹೋಯಿತು. ಮಾರನೆಯ ದಿನ ಜ್ವರ ಬಂದು ಅವನು ಕಂಬಳಿ ಹೊದ್ದು ಮಲಗಿದ್ದ. ಅಂಕಿ ಹದಿನೆಂಟರಲ್ಲೇ ನಿಂತಿತು. ಮಧ್ಯಾಹ್ನದೊಳಗೆ ಏಳು ಜನ ಮನೆ ಬಾಗಿಲಿಗೆ ಬಂದು ಹೋದರು. ರಾಜಲಕ್ಷ್ಮಮ್ಮ ಬಂದಳು, ಶೃತಿ ಸಿಸ್ಟರ್ ಬಂದರು, ಅವತ್ತು ಕಿಸಕ್ಕನೆ ನಕ್ಕವನೂ ಬಂದ. ಕಡೆಗೆ ಬೀದಿಯಲ್ಲಿ ಆಟೋ ನಿಲ್ಲಿಸಿ ಕದಿರಯ್ಯ ಕೂಗಿದ.

"ಅಣ್ಣಾ, ನಂದು ಅರವತ್ತೊಂದು! ನಿಮ್ದು ಯಾಕೆ ಅಲ್ಲೇ ನಿಂತದೆ?"

ಚನ್ನಮಲ್ಲಯ್ಯನಿಗೆ ಕಣ್ಣಲ್ಲಿ ನೀರು ಬಂತು. ಹನ್ನೊಂದು ತಿಂಗಳು ಎಂದು ಬರೆದಿದ್ದಾಗ ಒಬ್ಬರೂ ಬಂದು ಕೇಳಿರಲಿಲ್ಲ. ಅವನು ಕಂಬಳಿ ಹೊದ್ದುಕೊಂಡೇ ಎದ್ದು, ಚಾಕ್‌ಪೀಸು ಹುಡುಕಿಕೊಂಡು, ಕದಿರಯ್ಯನ ಹೆಗಲು ಹಿಡಿದು ರಸ್ತೆಗೆ ನಡೆದು, ಹದಿನೆಂಟನ್ನು ಒರೆಸಿ ಹತ್ತೊಂಬತ್ತು ಬರೆದ.